ಪಂಪ್ ರೂಮಿನಿಂದ ಇಸಿಎಂವರೆಗೆ

ದಾವಣಗೆರೆಯಲ್ಲಿ ಬಿಎಸ್6 ಹೊಗೆ ನಿಯಮದ ಡೀಸೆಲ್ ಕಾರು ಓಡಿಸುವವರಿಗೆ ಊರಿನ ಅಳತೆಯೇ ಒಂದು ತೊಂದರೆ. ವಿದ್ಯಾನಗರದಿಂದ ಮಂಡಿಪೇಟೆಗೆ ಹೋಗಿ ಸಾಮಾನು ತಂದರೆ ಆಯಿತು, ಮಕ್ಕಳನ್ನು ಟ್ಯೂಷನ್‌ಗೆ ಬಿಟ್ಟು ಬಂದರೆ ಆಯಿತು. ಎಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಮನೆ ಬಂದಿರುತ್ತದೆ. ಹಳೇ ಡೀಸೆಲ್ ಗಾಡಿಗಳಿಗೆ ಇದರಿಂದ ಅಂಥ ತೊಂದರೆ ಇರಲಿಲ್ಲ. ಈಗಿನವಕ್ಕೆ ಇದೆ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್6 ಜಾರಿಗೆ ಬಂತಲ್ಲ, ಆಗಿನಿಂದ ಡೀಸೆಲ್ ಕಾರುಗಳ ಹೊಗೆ ಪೈಪಿನ ದಾರಿಯಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಕೂತಿದೆ. ಹೊಗೆಯಲ್ಲಿನ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಮಸಿ ತುಂಬುತ್ತಾ ಬಂದ ಹಾಗೆ ಅದನ್ನು ಅಲ್ಲೇ ಸುಟ್ಟು ಖಾಲಿ ಮಾಡಬೇಕು. ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು. ಊರೊಳಗಿನ ಓಡಾಟದಲ್ಲಿ ಅಷ್ಟು ಶಾಖ ತಾನಾಗಿ ಬರುವುದಿಲ್ಲ. ಆಗ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಎಂ, ಪಿಸ್ಟನ್ ಕೆಳಗಿಳಿಯುವ ಹೊತ್ತಿನಲ್ಲಿ ತಡವಾಗಿ ಇನ್ನೊಂದಿಷ್ಟು ಡೀಸೆಲ್ ಸಿಂಪಡಿಸುತ್ತದೆ. ಆ ಡೀಸೆಲ್ಲಿನಿಂದ ಹೊಗೆ ದಾರಿಯ ಬಿಸಿ ಏರುತ್ತದೆ, ಮಸಿ ಸುಡುತ್ತದೆ. ಇದಕ್ಕೆ ಹತ್ತು ಹದಿನೈದು ನಿಮಿಷ ಬಿಡುವಿಲ್ಲದೆ ಗಾಡಿ ಓಡಬೇಕು. ಅಷ್ಟರಲ್ಲಿ ಮನೆ ಮುಂದೆ ನಿಲ್ಲಿಸಿ ಕೀ ತೆಗೆದರೆ ಕೆಲಸ ಅರ್ಧಕ್ಕೇ ನಿಂತಿತು. ಪದೇ ಪದೇ ಹೀಗಾದರೆ ಸುಡದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಕೆಳಗಿಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ.

ನಮ್ಮ ಗಾಡಿಯಲ್ಲಿ ಆಗಿದ್ದೂ ಇದೇ. ಡಿಪಿಎಫ್ ಲೈಟು ಮತ್ತೆ ಮತ್ತೆ ಬರತೊಡಗಿತು. ಹಳೇ ಪಿ.ಬಿ. ರೋಡಿನ ನಮ್ಮ ಮೇಸ್ತ್ರಿ ಡಿಪ್‌ಸ್ಟಿಕ್ ಎಳೆದು ನೋಡಿದರು. ಆಯಿಲ್ ಮೇಲಿನ ಗುರುತನ್ನೂ ದಾಟಿತ್ತು. ಒಂದು ಹನಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ, ಮೂಗಿಗೆ ಹಿಡಿದರು.

"ಆಯಿಲ್ ಏರೈತ್ರೀ ಸರ್. ಡೀಸೆಲ್ ಇಳಿದೈತಿ. ಆಯಿಲ್ ಬದಲಿ ಮಾಡಿಕೊಡ್ತೀನಿ, ಆದ್ರೆ ಇದು ಪಾನಾ ಹಿಡಿಯೋ ಕೆಲಸ ಅಲ್ರೀ. ಒಳಗಿನ ಲೆಕ್ಕದ್ದು."

ಅವರು ಹೇಳಿದ್ದು ಸರಿಯಾಗಿತ್ತು. ಎಷ್ಟು ಮಸಿ ತುಂಬಿದ ಮೇಲೆ ಸುಡಬೇಕು, ಎಷ್ಟು ಡೀಸೆಲ್ ಹಾಕಬೇಕು, ಯಾವ ಸ್ಪೀಡಿನಲ್ಲಿ ಶುರು ಮಾಡಬೇಕು, ಎಲ್ಲವೂ ಇಸಿಎಂನಲ್ಲಿ ಬರೆದಿಟ್ಟ ಅಂಕಿಗಳು. ನಮ್ಮ ಮಾಡೆಲ್‌ಗೆ ಕಂಪನಿ ಆ ಅಂಕಿಗಳನ್ನು ತಿದ್ದಿ ಹೊಸ ಫೈಲ್ ಹೊರಡಿಸಿತ್ತು. ಗಾಡಿಯ ವಾರಂಟಿ ಮುಗಿದಿತ್ತು. ಅಪ್‌ಡೇಟನ್ನು ಮನೆಯಲ್ಲೇ ಮಾಡೋಣ ಎಂದು ನಿರ್ಧರಿಸಿದೆವು.

ಆ ಕಥೆಗೆ ಹೋಗುವ ಮೊದಲು ಪಂಪ್ ರೂಮಿನ ಬಗ್ಗೆ ಹೇಳಬೇಕು. ಈ ವಿಷಯದಲ್ಲಿ ನನಗೆ ಇಷ್ಟು ಆಸ್ಥೆ ಇರುವುದಕ್ಕೆ ಅದೇ ಕಾರಣ.

ಲಾರಿ, ಟ್ರ್ಯಾಕ್ಟರ್ ಇರುವ ಯಾವ ಊರಲ್ಲೂ, ಎಂಜಿನ್ನಿಗೆ ಡೀಸೆಲ್ ಅಳೆದು ಕೊಡುವ ಪಂಪಿನ ಸರ್ವಿಸ್ ಅಂಗಡಿ ಇದ್ದೇ ಇರುತ್ತಿತ್ತು. ನಮ್ಮಲ್ಲೂ ಇದ್ದವು, ಚಿತ್ರದುರ್ಗದಲ್ಲೂ ಇದ್ದವು. ಜನರ ಬಾಯಲ್ಲಿ ಅದು ಮೈಕೊ ಪಂಪ್. ಮೈಕೊ ಕಂಪನಿ 1951ರಲ್ಲಿ ಶುರುವಾಯಿತು. ಅದರ ಬೆಂಗಳೂರಿನ ಆಡುಗೋಡಿ ಕಾರ್ಖಾನೆಯ ಪಂಪುಗಳು ದೇಶದ ತುಂಬಾ ಓಡಾಡಿದವು. 2008ರಲ್ಲಿ ಅದರ ಹೆಸರು ಬಾಷ್ ಆಯಿತು. ಹಳಬರ ಬಾಯಲ್ಲಿ ಈಗಲೂ ಮೈಕೊನೇ.

ಪಂಪ್ ರೂಮ್ ಉಳಿದ ಗ್ಯಾರೇಜಿನಂತೆ ಇರುತ್ತಿರಲಿಲ್ಲ. ಬಾಗಿಲು ಮುಚ್ಚಿರುತ್ತಿತ್ತು, ಧೂಳು ಬರುವ ಹಾಗಿಲ್ಲ. ಒಳಗೆ ಟೆಸ್ಟ್ ಬೆಂಚ್. ಲಾರಿಯಿಂದ ಬಿಚ್ಚಿ ತಂದ ಪಂಪನ್ನು ಅದರ ಮೇಲೆ ಕೂರಿಸಿ ಮೋಟಾರಿನಿಂದ ತಿರುಗಿಸುತ್ತಿದ್ದರು. ಎದುರಿಗೆ ಸಾಲಾಗಿ ಗಾಜಿನ ಅಳತೆ ಕೊಳವೆಗಳು, ಸಿಲಿಂಡರಿಗೆ ಒಂದರಂತೆ. ಇಷ್ಟು ಆರ್‌ಪಿಎಂನಲ್ಲಿ ಸಾವಿರ ಸ್ಟ್ರೋಕಿಗೆ ಇಷ್ಟು ಸಿಸಿ ಡೀಸೆಲ್ ಬೀಳಬೇಕು ಎಂದು ಕಂಪನಿಯ ಚಾರ್ಟ್ ಇರುತ್ತಿತ್ತು. ಮೇಸ್ತ್ರಿ ಕಣ್ಣನ್ನು ಕೊಳವೆಯ ಮಟ್ಟಕ್ಕೆ ಇಳಿಸಿ ಗೆರೆ ಓದುತ್ತಿದ್ದರು. ಒಂದರಲ್ಲಿ ಜಾಸ್ತಿ ಬಿದ್ದರೆ ಕ್ಲಾಂಪಿನ ಸ್ಕ್ರೂ ಸಡಿಲಿಸಿ, ಕೂದಲೆಳೆಯಷ್ಟು ಸರಿಸಿ, ಮತ್ತೆ ಬಿಗಿ ಮಾಡಿ, ಮತ್ತೆ ಓಡಿಸಿ ನೋಡುತ್ತಿದ್ದರು. ಎಲ್ಲ ಕೊಳವೆಗಳೂ ಒಂದೇ ಮಟ್ಟಕ್ಕೆ ಬಂದ ಮೇಲೆ ಸ್ಪೀಡ್ ಹತೋಟಿಯಲ್ಲಿಡುವ ಗವರ್ನರ್ ಕೂರಿಸಿ, ತಂತಿ ಸುತ್ತಿ, ಸೀಸದ ಸೀಲ್ ಒತ್ತುತ್ತಿದ್ದರು. ಆ ಸೀಲ್ ಅಂದರೆ, ಈ ಪಂಪಿನ ಲೆಕ್ಕಕ್ಕೆ ನಾನು ಜವಾಬ್ದಾರ ಎಂದ ಹಾಗೆ.

ಎಂಜಿನ್ನಿಗೆ ಎಷ್ಟು ಡೀಸೆಲ್, ಯಾವಾಗ ಎಂಬ ಲೆಕ್ಕ ಆಗ ನಮ್ಮ ಊರಿನ ಒಬ್ಬ ಮನುಷ್ಯನ ಕೈಯಲ್ಲಿತ್ತು. ಅದು ಗುಟ್ಟಾಗಿರಲಿಲ್ಲ. ಕಂಪನಿಯೇ ಚಾರ್ಟ್ ಕೊಡುತ್ತಿತ್ತು, ತರಬೇತಿ ಕೊಡುತ್ತಿತ್ತು. ಇವತ್ತು ಅದೇ ಲೆಕ್ಕ ಇಸಿಎಂ ಒಳಗಿನ ಫೈಲಿನಲ್ಲಿದೆ. ಅದನ್ನು ತಿದ್ದುವುದನ್ನು ನಾನು ಕದ್ದುಮುಚ್ಚಿ ಮಾಡುವ ಕೆಲಸ ಎಂದು ನೋಡಲಾರೆ. ಅದು ರಿಪೇರಿ. ಪಂಪ್ ರೂಮಿನಲ್ಲಿ ಆಗುತ್ತಿದ್ದ ರಿಪೇರಿಯೇ, ಬೇರೆ ಸಲಕರಣೆಯಲ್ಲಿ.

ಈ ವಿಷಯದಲ್ಲಿ ನನಗೆ ತುಂಬಾ ಕಾಡುವ ಸಂಗತಿ ಒಂದಿದೆ. ಜರ್ಮನಿಯ ಹೊರಗೆ ಬಾಷ್‌ನ ಅತಿ ದೊಡ್ಡ ಸಾಫ್ಟ್‌ವೇರ್ ಕೇಂದ್ರ ಭಾರತದಲ್ಲಿದೆ, ಅದರ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ಗಾಡಿಗಳ ಸಾಫ್ಟ್‌ವೇರ್ ಬರೆಯುವ ಬೇರೆ ಕಂಪನಿಗಳೂ ಅಲ್ಲಿವೆ. ದಾವಣಗೆರೆ, ಚಿತ್ರದುರ್ಗದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಹುಡುಗ ಹುಡುಗಿಯರು ಅಲ್ಲಿ ಕೂತು ಇದೇ ಕೆಲಸ ಮಾಡುತ್ತಾರೆ. ಅಂದರೆ ಲೆಕ್ಕ ಬರೆಯುವವರು ಇದೇ ಎನ್‌ಎಚ್ 48ರಲ್ಲಿ 260 ಕಿಲೋಮೀಟರ್ ಆಚೆಗೆ ಇದ್ದಾರೆ. ಅದನ್ನು ಓದಿ ತಿದ್ದಬೇಕಾದ ಮೇಸ್ತ್ರಿಗೆ ಮಾತ್ರ ದಾರಿ ಇಲ್ಲ.

ನಮಗೆ ದಾರಿ ಸಿಕ್ಕಿದ್ದು ಅಕ್ಕನ ಮಗನಿಂದ. ಅವನು ಬೆಂಗಳೂರಿನಲ್ಲಿ ಇಂಥದ್ದೇ ಕೆಲಸದಲ್ಲಿದ್ದಾನೆ. ಆಫೀಸಿನಿಂದ ಅವನು ಏನನ್ನೂ ತರಲಿಲ್ಲ. ನಮ್ಮ ಗಾಡಿಯ ಕಂಪನಿ ತನ್ನ ಸರ್ವಿಸ್ ಸೈಟಿನಲ್ಲಿ ಹಣ ಕಟ್ಟಿದವರಿಗೆ ಫೈಲ್ ಕೊಡುತ್ತದೆ. ಎಲ್ಲ ಕಂಪನಿಗಳೂ ಕೊಡುವುದಿಲ್ಲ. ಬೇಕಾಗಿದ್ದು ಜೆ2534 ಅನ್ನುವ ಮಾನದಂಡದ ಒಂದು ಡಬ್ಬಿ. ಇದರ ಒಂದು ತುದಿ ಲ್ಯಾಪ್‌ಟಾಪಿಗೆ, ಇನ್ನೊಂದು ತುದಿ ಗಾಡಿಗೆ. ಕಂಪನಿ ಯಾವುದೇ ಇರಲಿ, ಹೊರಗಿನ ಮೆಕ್ಯಾನಿಕ್ಕಿಗೂ ಇಸಿಎಂಗೆ ಸಾಫ್ಟ್‌ವೇರ್ ಹಾಕಲು ಬರಬೇಕು ಎಂದೇ ಅಮೆರಿಕದಲ್ಲಿ ಮಾಡಿದ ಮಾನದಂಡ ಅದು. ಯುರೋಪಿನ 2007ರ ಹೊಗೆ ನಿಯಮದಲ್ಲೂ ರಿಪೇರಿ ಮಾಹಿತಿಯನ್ನು ಹೊರಗಿನವರಿಗೆ ಕೊಡಬೇಕೆಂಬ ಮಾತಿದೆ. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಬ್ಲೂಟೂತ್ ಡಾಂಗಲ್ ಇದಕ್ಕೆ ಆಗುವುದಿಲ್ಲ. ಅದು ಓದಲಿಕ್ಕೆ ಸಾಕು, ಬರೆಯಲಿಕ್ಕೆ ಬೇಡವೇ ಬೇಡ.

ಓದುವುದನ್ನೂ ಕಡೆಗಣಿಸಬೇಡಿ. ನನ್ನ ಪ್ರಕಾರ ಅರ್ಧ ಕೆಲಸ ಅಲ್ಲೇ ಇದೆ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ, ಒಬಿಡಿ ಪೋರ್ಟ್. ಅಲ್ಲಿಂದ ಎರಡು ಸಂಗತಿ ಮೊದಲು ತಿಳಿದುಕೊಳ್ಳಬೇಕು. ಒಂದು, ಕ್ಯಾಲಿಬ್ರೇಶನ್ ಐಡಿ. ಒಳಗೆ ಈಗ ಯಾವ ಫೈಲ್ ಇದೆ ಎಂದು ಅದು ಹೇಳುತ್ತದೆ. ಇನ್ನೊಂದು ಸಿವಿಎನ್, ಆ ಫೈಲಿನ ಅಂಕಿಗಳಿಂದಲೇ ಇಸಿಎಂ ಲೆಕ್ಕ ಹಾಕಿ ಕೊಡುವ ಸಂಖ್ಯೆ. ಒಳಗೆ ಯಾರಾದರೂ ಕೈ ಆಡಿಸಿದ್ದರೆ ಐಡಿ ಅದೇ ಇದ್ದರೂ ಸಿವಿಎನ್ ಬದಲಾಗಿರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಟೈರು, ಬಣ್ಣ ನೋಡುತ್ತಾರೆ. ಇದನ್ನೂ ನೋಡಬೇಕು.

ನಾವು ಇವೆರಡನ್ನೂ ಬರೆದುಕೊಂಡೆವು. ಜೊತೆಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳ ಕೋಡುಗಳನ್ನು ಕೂಡ. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಪೈಪಿನಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಒಂದೊಂದು ಇಂಜೆಕ್ಟರ್ ತಲೆಯ ಮೇಲೂ ಒಂದು ಕೋಡ್ ಅಚ್ಚಾಗಿರುತ್ತದೆ. ಕಾರ್ಖಾನೆಯಲ್ಲಿ ಅಳೆದಾಗ ಆ ಇಂಜೆಕ್ಟರ್ ಎಷ್ಟು ಕಡಿಮೆ, ಎಷ್ಟು ಜಾಸ್ತಿ ಸಿಂಪಡಿಸಿತು ಎಂಬ ಲೆಕ್ಕ ಅದು. ಇಸಿಎಂ ಅದನ್ನು ನೆನಪಿಟ್ಟುಕೊಂಡು ಪ್ರತಿ ಸಿಲಿಂಡರಿಗೂ ಹೊಂದಿಸುತ್ತದೆ. ಪಂಪ್ ರೂಮಿನ ಗಾಜಿನ ಕೊಳವೆಗಳು ಮಾಡುತ್ತಿದ್ದ ಕೆಲಸವೇ. ಅಪ್‌ಡೇಟಿನಲ್ಲಿ ಈ ಕೋಡುಗಳು, ಡಿಪಿಎಫ್‌ನ ಮಸಿ ಲೆಕ್ಕ ಅಳಿಸಿಹೋದರೆ ಮತ್ತೆ ತುಂಬಿಸಬೇಕಾಗುತ್ತದೆ. ಮೊದಲೇ ಬರೆದಿಡದಿದ್ದರೆ ಎಂಜಿನ್ ಕವರ್ ಬಿಚ್ಚಿ ಟಾರ್ಚ್ ಹಿಡಿದು ಓದುತ್ತಾ ಕೂರಬೇಕು.

ಆಮೇಲೆ ಬ್ಯಾಟರಿ. ಇಡೀ ಕೆಲಸದಲ್ಲಿ ನಿಜವಾಗಿ ಹೆದರಬೇಕಾದದ್ದು ಇದೊಂದಕ್ಕೇ. ಇಸಿಎಂನ ಮೆಮೊರಿಯಲ್ಲಿ ಹೊಸದನ್ನು ಹಳೆಯದರ ಪಕ್ಕದಲ್ಲಿ ಬರೆಯುವುದಿಲ್ಲ. ಸ್ಲೇಟು ಒರೆಸಿದ ಹಾಗೆ ಮೊದಲು ಹಳೆಯದನ್ನು ಪೂರ್ತಿ ಅಳಿಸಿ, ಆಮೇಲೆ ಬರೆಯುತ್ತದೆ. ಆ ನಡುವೆ ಕರೆಂಟು ಬಿದ್ದರೆ ಒಳಗೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಬೂಟ್‌ಲೋಡರ್ ಅನ್ನುವ ಸಣ್ಣ ಭಾಗ ಉಳಿದಿರುತ್ತದೆ, ಅದರಿಂದ ಸಾಮಾನ್ಯವಾಗಿ ಮತ್ತೆ ಶುರು ಮಾಡಬಹುದು. ಆದರೂ ಆ ಸ್ಥಿತಿಯಲ್ಲಿ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಕೆಲವೊಮ್ಮೆ ಇಸಿಎಂ ಬಿಚ್ಚಿ ಮೇಜಿನ ಮೇಲಿಟ್ಟು ಬರೆಯಬೇಕಾಗುತ್ತದೆ.

ಎಂಜಿನ್ ಆಫ್ ಇರುತ್ತದೆ, ಕೀ ಆನ್ ಇರುತ್ತದೆ. ಹಾಗಾಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನಿಂದ ಏನೂ ಬರಲ್ಲ, ಪೂರ್ತಿ ಭಾರ ಬ್ಯಾಟರಿ ಮೇಲೆ. ದೊಡ್ಡ ವರ್ಕ್‌ಶಾಪುಗಳಲ್ಲಿ ಇದಕ್ಕೆಂದೇ ಒಂದೇ ವೋಲ್ಟೇಜ್ ಹಿಡಿದಿಡುವ ಪವರ್ ಸಪ್ಲೈ ಇರುತ್ತದೆ. ನಮ್ಮಲ್ಲಿ ಅದು ಇರಲಿಲ್ಲ. ಮಾಮೂಲಿ ಚಾರ್ಜರ್ ಹಚ್ಚೋಣ ಎಂದು ಹುಡುಗ ಹೇಳಿದ. ಮೇಸ್ತ್ರಿ ಒಪ್ಪಲಿಲ್ಲ.

"ಬ್ಯಾಡಪ್ಪ ತಮ್ಮ. ಚಾರ್ಜರ್ ಕರೆಂಟು ಸಮ ಇರಂಗಿಲ್ಲ. ಮ್ಯಾಲೆ ಮನಿ ಕರೆಂಟು ಹೋದ್ರೆ ಏನ್ಮಾಡ್ತಿ? ನಾನೊಂದು ಲಾರಿ ಬ್ಯಾಟ್ರಿ ತರ್ತೀನಿ."

ಆ ಮಾತು ಪೂರ್ತಿ ಸರಿ. ಸಾದಾ ಚಾರ್ಜರಿನ ವೋಲ್ಟೇಜಿನಲ್ಲಿ ಏರಿಳಿತ ಇರುತ್ತದೆ, ಇಸಿಎಂಗೆ ಅದು ಆಗದು. ರಾತ್ರಿಯಿಡೀ ಚಾರ್ಜ್ ಮಾಡಿದ 12 ವೋಲ್ಟಿನ ದೊಡ್ಡ ಲಾರಿ ಬ್ಯಾಟರಿಯನ್ನು ಅವರು ಬೆಳಿಗ್ಗೆ ಸ್ಕೂಟರಿನ ಫುಟ್‌ಬೋರ್ಡ್ ಮೇಲಿಟ್ಟುಕೊಂಡು ಬಂದರು. ದಪ್ಪ ಜಂಪರ್ ಕೇಬಲ್ಲಿನಿಂದ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿದರು. ಕ್ಲಿಪ್ಪುಗಳನ್ನು ಅಲ್ಲಾಡಿಸಿ ಬಿಗಿ ಇದೆಯೇ ನೋಡಿದರು. ಮಲ್ಟಿಮೀಟರಿನಲ್ಲಿ 12.7 ತೋರಿಸಿತು. ಹುಡುಗನ ಕಡೆಯಿಂದ ಲ್ಯಾಪ್‌ಟಾಪ್ ಫುಲ್ ಚಾರ್ಜ್ ಆಗಿತ್ತು. ಅದು ನಿದ್ದೆಗೆ ಜಾರದ ಹಾಗೆ, ಮಧ್ಯದಲ್ಲಿ ತನ್ನದೇ ಅಪ್‌ಡೇಟ್ ಶುರು ಮಾಡದ ಹಾಗೆ ಸೆಟ್ಟಿಂಗ್ ಬದಲಿಸಿದ್ದ. ವೈರ್‌ಲೆಸ್ ಬಿಟ್ಟು ಯುಎಸ್‌ಬಿ ಕೇಬಲ್ ಹಾಕಿದ್ದ. ಎಸಿ, ಲೈಟು, ಮ್ಯೂಸಿಕ್ ಎಲ್ಲ ಆಫ್.

ಶುರುವಿಗೆ ಇಸಿಎಂ ಒಂದು ಸಂಖ್ಯೆ ಕೊಟ್ಟು ಪರೀಕ್ಷೆ ಮಾಡುತ್ತದೆ. ಅದು ಕೊಟ್ಟ ಸಂಖ್ಯೆಗೆ ತಕ್ಕ ಉತ್ತರ ಬಂದರೆ ಮಾತ್ರ ಬೀಗ ತೆಗೆಯುತ್ತದೆ. ಕಂಪನಿಯ ಸಾಫ್ಟ್‌ವೇರ್ ಅದಕ್ಕೆ ಉತ್ತರ ಕೊಟ್ಟಿತು. ಅಳಿಸುವ ಕೆಲಸ ಶುರುವಾದ ಕೂಡಲೇ ಬಾನೆಟ್ಟಿನೊಳಗಿನ ರೇಡಿಯೇಟರ್ ಫ್ಯಾನ್ ಪೂರ್ತಿ ಸ್ಪೀಡಿನಲ್ಲಿ ತಿರುಗತೊಡಗಿತು. ಡ್ಯಾಶ್‌ಬೋರ್ಡಿನ ಲೈಟುಗಳೆಲ್ಲ ಒಟ್ಟಿಗೇ ಹತ್ತಿದವು. ಮೊದಲ ಸಲ ನೋಡುವವರಿಗೆ ಕೈಕಾಲು ತಣ್ಣಗಾಗುವ ಹೊತ್ತು ಅದು. ಆದರೆ ಹಾಗೆ ಆಗಬೇಕಾದದ್ದೇ. ಫ್ಯಾನನ್ನು ಹತೋಟಿಯಲ್ಲಿಡುವುದು ಇಸಿಎಂ. ಅದು ಸುಮ್ಮನಾದಾಗ ಎಂಜಿನ್ ಕಾಯಬಾರದು ಅಂತ ಅನೇಕ ಗಾಡಿಗಳಲ್ಲಿ ಫ್ಯಾನ್ ತಾನಾಗಿ ಜೋರಾಗಿ ಓಡುತ್ತದೆ. ಇಸಿಎಂನಿಂದ ಮಾತು ನಿಂತಿದ್ದರಿಂದ ಬ್ರೇಕು, ಸ್ಟೀರಿಂಗಿನ ಕಂಪ್ಯೂಟರುಗಳು ದೂರು ದಾಖಲಿಸುತ್ತವೆ. ಆ ಫ್ಯಾನ್ ಎಳೆಯುವ ಕರೆಂಟು ಸಣ್ಣದಲ್ಲ. ಮೀಟರ್ 12.4ಕ್ಕೆ ಇಳಿದು ಅಲ್ಲೇ ನಿಂತಿತು. ಲಾರಿ ಬ್ಯಾಟರಿ ಇಲ್ಲದಿದ್ದರೆ ಎಲ್ಲಿ ನಿಲ್ಲುತ್ತಿತ್ತೋ. ಮೇಸ್ತ್ರಿ ಮೀಟರಿನಿಂದ ಕಣ್ಣು ತೆಗೆಯಲಿಲ್ಲ, ಹುಡುಗ ಸ್ಕ್ರೀನಿನಿಂದ. ಪರ್ಸೆಂಟೇಜ್ ಒಂದೆರಡು ಕಡೆ ತಡೆದು ನಿಂತು ಮುಂದೆ ಹೋಯಿತು. ಅಂಥಲ್ಲಿ ಏನನ್ನೂ ಮುಟ್ಟಬಾರದು, ಕಾಯಬೇಕು ಅಷ್ಟೇ.

ಮುಗಿದ ಮೇಲೆ ಸ್ಕ್ರೀನ್ ಹೇಳಿದಂತೆ ಕೀ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದೆವು. ಹೊಸ ಕ್ಯಾಲಿಬ್ರೇಶನ್ ಐಡಿ ಕಂಪನಿಯ ಪಟ್ಟಿಗೆ ತಾಳೆಯಾಯಿತು. ಇಂಜೆಕ್ಟರ್ ಕೋಡುಗಳು ಹಾಗೇ ಉಳಿದಿದ್ದವು. ಬೇರೆ ಕಂಪ್ಯೂಟರುಗಳಲ್ಲಿ ಕೂತಿದ್ದ ದೂರುಗಳನ್ನು ಅಳಿಸಿದೆವು. ಆಯಿಲ್ಲನ್ನು ಮೇಸ್ತ್ರಿ ಮೊದಲೇ ಬದಲಿಸಿದ್ದರು. ಇದು ಮುಖ್ಯ. ಡೀಸೆಲ್ ಬೆರೆತ ಆಯಿಲ್ಲನ್ನು ಯಾವ ಸಾಫ್ಟ್‌ವೇರೂ ಸರಿ ಮಾಡುವುದಿಲ್ಲ.

ಆಮೇಲೆ ಆನಗೋಡು ದಾಟಿ ಭರಮಸಾಗರದ ಕಡೆಗೆ ಹೊರಟೆವು. ಮಸಿ ಸುಡುವ ಕೆಲಸ ದಾರಿಯಲ್ಲೇ ಶುರುವಾಯಿತು. ಹಿಂದಿನ ಸೀಟಿನಲ್ಲಿ ಕೂತ ಹುಡುಗ ಅಂಕಿಗಳನ್ನು ಜೋರಾಗಿ ಓದುತ್ತಿದ್ದ. ಹೊಗೆಯ ಶಾಖ ಏರುತ್ತಾ 600ರ ಹತ್ತಿರ ಬಂತು. ಮಸಿಯ ಗ್ರಾಮ್ ಲೆಕ್ಕ ಇಳಿಯುತ್ತಾ ಹೋಯಿತು. ಪಕ್ಕದಲ್ಲಿದ್ದ ಮೇಸ್ತ್ರಿ ಒಮ್ಮೆ ತಿರುಗಿ, ಲ್ಯಾಪ್‌ಟಾಪನ್ನೇ ತಮ್ಮ ಮಡಿಲಿಗೆ ತೆಗೆದುಕೊಂಡರು. ಹಿಂತಿರುಗಿ ಬರುವವರೆಗೂ ಕೊಡಲಿಲ್ಲ. ಗೇರ್ ಬದಲಿಸಿದಾಗ ಏನಾಗುತ್ತದೆ, ಕಾಲು ತೆಗೆದಾಗ ಶಾಖ ಎಷ್ಟು ಇಳಿಯುತ್ತದೆ ಎಂದು ನನ್ನಿಂದ ಮಾಡಿಸಿ ಮಾಡಿಸಿ ನೋಡಿದರು.

ಈಗ ಲೈಟು ಬರುವುದು ಕಡಿಮೆಯಾಗಿದೆ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಏರಿಲ್ಲ. ಆದರೂ ಆಗಾಗ ಹರಿಹರದ ಕಡೆಗೋ ದುರ್ಗದ ಕಡೆಗೋ ಹೈವೇ ಹತ್ತಿಸುವುದನ್ನು ಬಿಟ್ಟಿಲ್ಲ. ಚಿಕ್ಕ ಊರಿನ ಓಡಾಟಕ್ಕೇ ಕಾರು ಬೇಕೆಂದರೆ ಡೀಸೆಲ್ ತೆಗೆದುಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ.

ಡಿಪಿಎಫ್ ತೊಂದರೆ ಎಂದು ಯಾರಿಗಾದರೂ ಹೇಳಿದರೆ ತಕ್ಷಣ ಬರುವ ಇನ್ನೊಂದು ಸಲಹೆ ಇದೆ. ಫಿಲ್ಟರನ್ನೇ ಕಿತ್ತುಹಾಕಿಸಿ, ಇಸಿಎಂನಲ್ಲಿ ಅದರ ಲೆಕ್ಕ ಅಳಿಸಿ, ಜೊತೆಗೆ ಪವರ್ರೂ ಏರಿಸಿಕೊಡ್ತೀವಿ ಅನ್ನುವವರಿದ್ದಾರೆ. ದಯವಿಟ್ಟು ಮಾಡಿಸಬೇಡಿ. ಅದಕ್ಕೂ ನಾವು ಮಾಡಿದ್ದಕ್ಕೂ ಸಂಬಂಧವೇ ಇಲ್ಲ. ನಾವು ಹಾಕಿದ್ದು ಕಂಪನಿ ತಾನೇ ತಿದ್ದಿ, ಪರೀಕ್ಷೆ ಮಾಡಿ, ಹೊರಡಿಸಿದ ಫೈಲ್. ಅವರು ಹಾಕುವುದರ ಅಂಕಿಗಳಿಗೆ ಜವಾಬ್ದಾರರು ಯಾರೂ ಇಲ್ಲ. ಫಿಲ್ಟರ್ ತಡೆಯುತ್ತಿದ್ದ ಮಸಿ ನೇರವಾಗಿ ಹಿಂದಿನ ಸ್ಕೂಟರಿನಲ್ಲಿ ಕೂತ ಮಗುವಿನ ಮೂಗಿಗೆ ಹೋಗುತ್ತದೆ. ಸಾಫ್ಟ್‌ವೇರಿನಿಂದ ಮೋಸ ಎಷ್ಟು ದೊಡ್ಡದಾಗಿ ನಡೆಯಬಹುದು ಎಂದು ಜಗತ್ತು 2015ರ ಸೆಪ್ಟೆಂಬರಿನಲ್ಲಿ ನೋಡಿದೆ. ಪರೀಕ್ಷೆ ನಡೆಯುವಾಗ ಮಾತ್ರ ಹೊಗೆ ಕಡಿಮೆ ಮಾಡುವ ಸಾಫ್ಟ್‌ವೇರನ್ನು ಫೋಕ್ಸ್‌ವ್ಯಾಗನ್ ಕಂಪನಿ ಜಗತ್ತಿನಲ್ಲಿ ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ಗಾಡಿಗಳಲ್ಲಿ ಹಾಕಿತ್ತು. ಭಾರತದಲ್ಲೂ 3 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ವಾಪಸ್ ಕರೆಯಬೇಕಾಯಿತು. ಕ್ಯಾಲಿಫೋರ್ನಿಯಾದಲ್ಲಿ 2021ರಿಂದ ಹೊಗೆ ತಪಾಸಣೆಯ ವೇಳೆ ಇಸಿಎಂನ ಸಾಫ್ಟ್‌ವೇರನ್ನೂ ನೋಡುತ್ತಾರೆ. ಒಪ್ಪಿಗೆ ಇಲ್ಲದ ಫೈಲ್ ಸಿಕ್ಕರೆ ಫೇಲ್. ನಮ್ಮ ಹೊಗೆ ತಪಾಸಣೆಯಲ್ಲೂ, ಅಂದರೆ ಪಿಯುಸಿಯಲ್ಲೂ, ಇದು ಬರಬೇಕು. ಒಂದು ಸಂಖ್ಯೆ ಓದುವ ಕೆಲಸ ಅಷ್ಟೇ ಅಲ್ವಾ.

ಕಂಪನಿಗಳು ಬೀಗ ಹಾಕುವುದಕ್ಕೆ ಇದೇ ನೆಪ ಹೇಳುತ್ತವೆ: ಬಿಟ್ಟರೆ ಜನ ಹಾಳು ಮಾಡುತ್ತಾರೆ ಅಂತ. ಹಾಳು ಮಾಡುವವರು ಬೀಗ ಇದ್ದರೂ ಒಡೆದು ಮಾಡುತ್ತಿದ್ದಾರೆ. ಬೀಗದಿಂದ ತೊಂದರೆ ಆಗಿರುವುದು ನೆಟ್ಟಗೆ ಕೆಲಸ ಮಾಡಬೇಕೆನ್ನುವ ಮೇಸ್ತ್ರಿಗಳಿಗೆ. ಇದು ನಾನೊಬ್ಬನೇ ಹೇಳುವ ಮಾತಲ್ಲ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನೂ ತಪಾಸಣೆಯ ಸಲಕರಣೆಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದೀರಿ ಎಂಬುದೇ ಆರೋಪ. ಕಂಪನಿಗಳು ಮೇಲ್ಮನವಿಗೆ ಹೋದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿತು, ಡಿಸೆಂಬರಿನಲ್ಲಿ ಪೋರ್ಟಲ್ಲೂ ತೆರೆಯಿತು. ಅದರಲ್ಲಿ ವಾಹನಗಳೂ ಸೇರಿವೆ, ಕೃಷಿ ಯಂತ್ರಗಳೂ ಸೇರಿವೆ. ಆದರೆ ಮ್ಯಾನುಯಲ್ಲು, ಫೋನ್ ನಂಬರು ಸಿಕ್ಕರೆ ಸಾಲದು. ಪ್ರತಿ ಮಾಡೆಲ್ಲಿಗೂ ಈಗ ನಡೆಯುವ ಕ್ಯಾಲಿಬ್ರೇಶನ್ ಐಡಿಗಳ ಪಟ್ಟಿ ಎಲ್ಲರಿಗೂ ಸಿಗಬೇಕು. ನ್ಯಾಯವಾದ ಬೆಲೆಗೆ ಫೈಲ್ ಸಿಗಬೇಕು. ಕನ್ನಡದಲ್ಲಿ ತರಬೇತಿ ಸಿಗಬೇಕು, ಐಟಿಐ ಮುಗಿಸಿದ ಹುಡುಗರಿಗೂ ನಮ್ಮ ಮೇಸ್ತ್ರಿಯಂಥ ಅನುಭವಸ್ಥರಿಗೂ.

ಮೇಸ್ತ್ರಿ ಈಗ ಪ್ರತಿ ಬಿಲ್ಲಿನ ಮೇಲೂ ಗಾಡಿ ನಂಬರಿನ ಪಕ್ಕ ಕ್ಯಾಲಿಬ್ರೇಶನ್ ಐಡಿ ಬರೆದುಕೊಡುತ್ತಿದ್ದಾರೆ. ಜೆ2534 ಡಬ್ಬಿ ಒಂದನ್ನು ಪಾಲಿನಲ್ಲಿ ಕೊಳ್ಳಲು ಪಕ್ಕದ ಇಬ್ಬರು ಮೇಸ್ತ್ರಿಗಳ ಜೊತೆ ಮಾತಾಡಿದ್ದಾರೆ. ಹೊಳಲ್ಕೆರೆಯಿಂದ ಇದೇ ತೊಂದರೆಯ ಗಾಡಿಯೊಂದು ಬರಲಿದೆಯಂತೆ. ಅದರ ನಂಬರ್ ಕಳಿಸಿದ್ದಾರೆ, ಹೊಸ ಫೈಲ್ ಇದೆಯಾ ಎಂದು ಹುಡುಗ ಹುಡುಕುತ್ತಿದ್ದಾನೆ.